ಒಸಡಿಗೆ ಮುಳ್ಳಲ್ಲ, ಅಳತೆಯ ಅಚ್ಚು

ತಮಿಳುನಾಡಿನ ಪೆನ್ನಾಗರಂ ಕಡೆ ಆಡು ಕಾಯುವವರಲ್ಲಿ ಒಂದು ರೂಢಿ. ಆಡಿಗೆ ಕೀವುಗಡ್ಡೆ ಎದ್ದರೆ ಜಾಲಿಮುಳ್ಳು ಚುಚ್ಚಿ ಹಿಂಡಿ, ಅರಿಶಿನ ಮೆತ್ತಿಬಿಡುತ್ತಾರೆ. ಅವರಲ್ಲೊಬ್ಬ ಅಣ್ಣಯ್ಯಪ್ಪ, ಕೀವು ತುಂಬಿದ ತನ್ನ ಒಸಡಿಗೂ ಅದನ್ನೇ ಮಾಡಿಕೊಂಡ, ಒಂದಲ್ಲ ಮೂರು ಸಲ. ಅಲ್ಲಿನ ಕೆಳದವಡೆ ಹಲ್ಲಿಗೆ ಹಿಂದೆಯೇ ಬೇರಿನ ಚಿಕಿತ್ಸೆ ಆಗಿ ಕ್ಯಾಪ್ ಕೂತಿತ್ತು. ಆದರೂ ಬೇರಿನ ತುದಿಯಲ್ಲಿ ಕೀವು ಉಳಿದಿತ್ತು. ಹಿಂಡಿದಾಗ ನೋವು ಇಳಿಯುತ್ತಿತ್ತು, ಎಂಟು ದಿನಕ್ಕೆ ಮತ್ತೆ ಊದುತ್ತಿತ್ತು. ಮುಳ್ಳಿಗೇನು ಗೊತ್ತು, ಬೇರು ಎಲ್ಲಿದೆ ಎಂದು!

ಬೇರಿನ ತುದಿ ಕತ್ತರಿಸಿ ಕೀವು ತೆಗೆಯಬೇಕು ಎಂದರು ಧರ್ಮಪುರಿಯ ಹಲ್ಲಿನ ಡಾಕ್ಟರು. ಹತ್ತಿರವೇ ತುಟಿಯ ನರ ಇದೆ, ಪೆಟ್ಟಾದರೆ ತುಟಿ ಮರಗಟ್ಟಬಹುದು ಎಂದೂ ಮುಚ್ಚಿಡದೆ ಹೇಳಿದರು. ಅಷ್ಟು ಕೇಳಿದ್ದೇ ತಡ, ಅಣ್ಣಯ್ಯಪ್ಪ ಮನೆಗೆ ಬಂದು ಕೂತ.

ಊರಿನ ನರ್ಸ್ ವಾಣಿ ಬಂದಾಗ ಅವನ ಕೆನ್ನೆ ಊದಿಕೊಂಡಿತ್ತು.

“ತುಟಿ ಸತ್ತೋದ್ರೆ ಸಿಳ್ಳೆ ಆಕೋದೆಂಗವ್ವ? ಕಾಡಲ್ಲಿ ನನ್ ಸಿಳ್ಳೆ ಕೇಳ್ದೆ ಒಂದಾಡೂ ತಿರುಗಲ್ಲ.”

ಹೆಂಡತಿ ಚೆಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಿಮ್ಮಣ್ಣನೂ ಇಂಗೇ ಕೂತಿದ್ದು. ಊತ ಕುತ್ತಿಗೆಗಿಳಿದು ಉಸಿರೇ ಕಟ್ಟೋಯ್ತು. ಇನ್ನೊಂದ್ ಕಿತ ಅದನ್ನ ನೋಡಕ್ಕಾಗಲ್ಲ ನನ್ ಕೈಲಿ.”

“ಪಯಪ್ಪಡಾದೀಂಗ ಮಾಮಾ, ಎದರ್ಬೇಡಿ,” ಎಂದಳು ವಾಣಿ. “ಈಗ ಕಣ್ಣಂದಾಜಲ್ಲಿ ಕೊರೀಬೇಕು ಅಂತೇನಿಲ್ಲ. ಸೇಲಂನಾಗೆ ದವಡೆ ಸ್ಕ್ಯಾನ್ ಮಾಡಿ, ನರ ಎಲ್ಲೈತೆ, ಬೇರಿನ ತುದಿ ಎಲ್ಲೈತೆ ಅಂತ ಕಂಪ್ಯೂಟರಲ್ಲಿ ಅಳೀತಾರೆ. ಆಮೇಲೆ ನಿಮ್ ಹಲ್ಲಿಗೇ ಕೂರೋ ಅಚ್ಚು ಮಾಡ್ತಾರೆ. ಅದ್ರಲ್ಲೊಂದು ತೂತು. ಕೊರೆಯೋ ಸೂಜಿ ಆ ತೂತಲ್ಲೇ ಓಗ್ಬೇಕು, ಗೊತ್ತು ಮಾಡಿದಷ್ಟೇ ಇಳೀಬೇಕು.”

“ಅಂಗಾದ್ರೆ ನರಕ್ಕೆ ಏನೂ ಆಗಲ್ವಾ?” ಎಂದ ಅಣ್ಣಯ್ಯಪ್ಪ.

“ಏನೂ ಆಗಲ್ಲ ಅಂತ ಸುಳ್ಳೇಳಲ್ಲ ನಾನು. ಅಪಾಯ ಕಮ್ಮಿ ಆಯ್ತದೆ. ಆದ್ರೆ ಈ ಊತ ಇಟ್ಕೊಂಡು ಕೂತ್ರೆ ಜೀವಕ್ಕೇ ಬತ್ತದೆ. ಇವತ್ತೇ ಡಾಕ್ಟ್ರತ್ರ ನಡೀರಿ.”

ಅಣ್ಣಯ್ಯಪ್ಪ ತಲೆ ತಗ್ಗಿಸಿದ.

“ಅಣ್ಣನ ಒಸಡಿಗೂ ಮುಳ್ಳು ಚುಚ್ಚಿದ್ದು ನಾನೇ ಕಣೇ,” ಎಂದ. ಇಷ್ಟು ವರ್ಷದಲ್ಲಿ ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಚೆಲ್ಲಮ್ಮ ಎದ್ದು ಅವನ ಟವೆಲ್ ತಂದು ಹೆಗಲಿಗೆ ಹಾಕಿದಳು. “ಏಳಿ, ಬಸ್ ಬರೋ ಹೊತ್ತಾಯ್ತು.”

ಡಾಕ್ಟರು ಕೊಟ್ಟ ಔಷಧಿಯಿಂದ ಊತ ಇಳಿದ ಮೇಲೆ ಸೇಲಂನಲ್ಲಿ ಅಚ್ಚು ಇಟ್ಟೇ ಆಪರೇಷನ್ ಆಯಿತು. ತುಟಿಗೆ ಏನೂ ಆಗಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ಒಸಡಿನ ಕೀವಿಗೆ ಮುಳ್ಳು, ಪಿನ್ನು ಚುಚ್ಚಬೇಡಿ. ಊತ ಬಂದು ನುಂಗಲು, ಉಸಿರಾಡಲು ಕಷ್ಟವಾದರೆ ಆ ಗಳಿಗೆಯೇ ಆಸ್ಪತ್ರೆಗೆ ಓಡಿ. ಬೇರಿನ ಆಪರೇಷನ್ ಎಂದರೆ ಹೆದರಿ ಮನೆಗೆ ಬರಬೇಡಿ. ಸ್ಕ್ಯಾನ್ ಬೇಕಾ, ಅಚ್ಚು ಇಟ್ಟು ಮಾಡಬಹುದಾ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಅಣ್ಣಯ್ಯಪ್ಪನ ಅಣ್ಣನಿಗೆ ಕೇಳುವಷ್ಟು ದಿನ ಉಳಿದಿರಲಿಲ್ಲ. ನಿಮಗೆ ಇನ್ನೂ ಸಮಯವಿದೆ, ಇವತ್ತೇ ಹೋಗಿ.