ನೂರಕ್ಕೆ ಇಬ್ಬರು

ತಿರುಮಲೇಶನಿಗೆ ಹೆಂಡತಿಯ ಬುದ್ಧಿ ಅಂದರೆ ಶೋಕೇಸಿನಲ್ಲಿಟ್ಟ ಬೆಳ್ಳಿ ಲೋಟ. ಬಂದವರಿಗೆಲ್ಲ ತೋರಿಸಬೇಕು, ಅದರಲ್ಲಿ ಯಾರೂ ನೀರು ಕುಡಿಯಕೂಡದು.

ನೂರಕ್ಕೆ ಇಬ್ಬರಿಗೆ ಮಾತ್ರ ಇರುವಂಥ ಬುದ್ಧಿಯವರನ್ನೇ ಸೇರಿಸಿಕೊಳ್ಳುವ ಸಂಘವೊಂದು ಚೆನ್ನೈನಲ್ಲಿತ್ತು. ಗೆಳತಿಯ ಜೊತೆ ತಮಾಷೆಗೆಂದು ಅದರ ಪರೀಕ್ಷೆ ಬರೆದ ಅನಸೂಯ ಪಾಸಾಗಿಬಿಟ್ಟಳು. ತನ್ನ ಇನ್ಶೂರೆನ್ಸ್ ಆಫೀಸಿನಿಂದ ಹಿಡಿದು ಗುಡಿಯ ಮುಂದೆ ಹೂವು ಮಾರುವವಳವರೆಗೆ ಆ ಸುದ್ದಿ ಮುಟ್ಟಿಸಿದವನು ಗಂಡನೇ. ಸಾರಿಗೆ ಉಪ್ಪು ಹೆಚ್ಚಾದರೂ ಅವನಿಗೆ ಅದೇ ನೆನಪಾಗುತ್ತಿತ್ತು. "ಇಷ್ಟು ಬುದ್ಧಿವಂತೆಗೆ ಉಪ್ಪಿನ ಅಳತೆ ಗೊತ್ತಾಗಲ್ವಾ?"

ಇಂಥ ಅನಸೂಯ ಬ್ಯಾಂಕಿನಲ್ಲಿ ಇನ್ನೂ ಗುಮಾಸ್ತೆ. ಆಫೀಸರ್ ಆಗಬಹುದಿತ್ತು. ಆದರೆ ಪ್ರಮೋಷನ್ ಜೊತೆಗೇ ವರ್ಗವೂ ಬರುತ್ತದೆ, ಊರು ಬಿಡಬೇಕು. ಹಾಗಾಗಿ ಮದುವೆಯಾದ ಹೆಂಗಸರು 'ಬೇಡ' ಅಂತ ಬರೆದುಕೊಟ್ಟು ಕೌಂಟರಿನಲ್ಲೇ ಉಳಿಯುವುದು ಬ್ಯಾಂಕಿನಲ್ಲಿ ಹಳೆಯ ಪದ್ಧತಿ. ಅವಳೂ ಮೂರು ಸಲ ಬರೆದುಕೊಟ್ಟಿದ್ದಳು. ಪ್ರತಿ ಸಲವೂ ತಿರುಮಲೇಶ ಪೆನ್ನು ಕೈಗೆ ಕೊಟ್ಟು "ನಿನ್ನಿಷ್ಟ" ಅಂದಿದ್ದ. ಆ 'ನಿನ್ನಿಷ್ಟ' ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ನಾಲ್ಕನೆಯ ಸಲ ಕೇಳಿದ್ದರು. ಸೋಮವಾರ ಉತ್ತರ ಕೊಡಬೇಕು.

ಅದರ ಹಿಂದಿನ ದಿನವೇ ಸಂಘದ ಕನ್ನಡದವರನ್ನೆಲ್ಲ ತಿರುಮಲೇಶ ಮೈಲಾಪೂರಿನ ತಮ್ಮ ಫ್ಲಾಟಿಗೆ ಕರೆದ. ಸಂಘದ ಸದಸ್ಯೆ ಒಳಗೆ ವಡೆ ಕರಿಯುತ್ತಿದ್ದಳು. ಸದಸ್ಯನಲ್ಲದವನು ಹೊರಗೆ ಕಾಲು ಚಾಚಿ ಕೂತು ಅವಳ ಬುದ್ಧಿಯನ್ನು ಹೊಗಳುತ್ತಿದ್ದ. ಸಭೆ ಯಾರ ಮನೆಯಲ್ಲೋ ಆ ಮನೆಯವರು ಒಂದು ಒಗಟು ಒಡ್ಡಬೇಕೆಂಬುದು ಸಂಘದ ರೂಢಿ.

"ಅನಸೂಯ, ಬಾರೇ. ಗಟ್ಟಿ ಪಜಲ್ ಒಂದು ಕೊಡು ಇವ್ರಿಗೆ."

ಅವಳು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಒಬ್ಬ ಹೆಂಗಸು. ನಮ್ಮ ಸಂಘದೋಳೇ. ಮೂರು ಸಲ ಪ್ರಮೋಷನ್ ಬಂತು, ಮೂರು ಸಲವೂ ಬೇಡ ಅಂದ್ಳು. ಯಾಕೆ?"

ಬುದ್ಧಿವಂತರು ಮುಗಿಬಿದ್ದರು. "ಇದು ರೊಂಬ ಈಸಿ. ಸಂಬಳ ಜಾಸ್ತಿ ಆಗ್ತಿರ್ಲಿಲ್ಲ," ಅಂದ ಒಬ್ಬ ಇಂಜಿನಿಯರು. ಜವಾಬ್ದಾರಿಗೆ ಹೆದರಿರಬೇಕು ಅಂದರು ಇನ್ನೊಬ್ಬರು. ಕಾರ್ಯದರ್ಶಿ ಸದಾನಂದ ಯೋಚಿಸಿ ಹೇಳಿದರು: "ಪರೀಕ್ಷೆ ಪೇಪರ್ ನೋಡಿದೋರು ತಪ್ಪು ಮಾಡಿರ್ಬೇಕು ಮೇಡಂ. ಅವಳು ಅಷ್ಟು ಬುದ್ಧಿವಂತೆ ಇರಲಾರಳು."

ಎಲ್ಲರೂ ನಕ್ಕರು. ಅವಳು ಕರಿದ ವಡೆ ತಿನ್ನುತ್ತಲೇ ನಕ್ಕರು. ಅನಸೂಯಳಿಗೆ ರಕ್ತ ಕುದಿಯಿತು. ಇಷ್ಟು ತಲೆ ಸೇರಿದರೂ, ಅವಳು ಈಗಷ್ಟೇ ದಾಟಿ ಬಂದ ಅಡುಗೆಮನೆ ಬಾಗಿಲು ಒಬ್ಬನ ಕಣ್ಣಿಗೂ ಬೀಳಲಿಲ್ಲ.

ತಿರುಮಲೇಶ ಮಾತ್ರ ನಗಲಿಲ್ಲ. "ಅವಳಿಗೇ ಇಷ್ಟ ಇರ್ಲಿಲ್ಲ, ಅಷ್ಟೇ," ಅಂದ, ತಟ್ಟೆ ನೋಡುತ್ತ.

"ನಾಳೆ ಒಪ್ಕೋತಿದಾಳೆ ರೀ," ಅಂದಳು ಅವನ ಕಡೆ ತಿರುಗಿ. "ಎಲ್ಲಿಗೆ ಹಾಕಿದ್ರೂ ಹೋಗ್ತೀನಿ."

ಮನೆ ತುಂಬ ಜನರಿದ್ದಾರೆನ್ನುವುದೇ ಅವನಿಗೆ ಮರೆತುಹೋಯಿತು. "ತಲೆ ಕೆಟ್ಟಿದೆಯಾ ನಿಂಗೆ? ನಂಗೆ ಅಡುಗೆ ಮಾಡಿ ಹಾಕೋರ್ಯಾರು?"

ಇಂಜಿನಿಯರು ಕಚ್ಚಿದ ವಡೆಯನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟ.

ಅನಸೂಯ ಕಾರ್ಯದರ್ಶಿಯನ್ನು ನೋಡಿದಳು. "ಸರಿಯುತ್ತರ ಹೇಳಿದ್ದು ನಮ್ಮೆಜಮಾನ್ರೊಬ್ರೇ ಸರ್. ಪರೀಕ್ಷೆ ಇಲ್ದೇನೇ ಇವರನ್ನ ಸಂಘಕ್ಕೆ ಸೇರಿಸ್ಕೊಳ್ಳಿ."