ಸವಳು ನೀರಿನ ಲಂಗೋಟಿ

ಗಾಳಿ ಬಂತು, ಕಾಳಿ ಹೊಳೆಯ ಕಡೆಯಿಂದ ಕಿಟಕಿಗೆ, ಕಿಟಕಿಯಿಂದ ಚಾಪೆಗೆ, ಬರಿಮೈಯಲ್ಲಿ ಮಲಗಿದ ಕೂಸಿನ ಕುಂಡೆಯ ಮೇಲೆ ಹಾದುಹೋಯಿತು, ಕೂಸು ಕಾಲು ಎತ್ತಿತು, ಯಾರು ಮುಟ್ಟಿದ್ದು ಎಂದು ಸುತ್ತ ನೋಡಿತು — ಎಂಥ ಚರ್ಮವಪ್ಪಾ ಇದು, ಗಾಳಿ ಹಾದದ್ದೂ ಗೊತ್ತಾಗುತ್ತದೆ, ಹೊತ್ತು ಹೆತ್ತವಳು ನಾನೇ, ಆದರೆ ಇದನ್ನು ಹೇಗೆ ಮಾಡಿದೆ ಜಯಾ ಎಂದು ಯಾರಾದರೂ ಕೇಳಿದರೆ ನನಗೇನು ಗೊತ್ತು, ನಾನು ಮಲಗಿದ್ದಾಗ, ಬಟ್ಟೆ ಒಗೆಯುತ್ತಿದ್ದಾಗ, ಗಂಡನ ಜೊತೆ ಜಗಳವಾಡುತ್ತಿದ್ದಾಗ ಒಳಗೆ ಅದರ ಪಾಡಿಗೆ ಅದು ಆಗಿಹೋಗಿದೆ. ತೊಡೆಸಂದಿಯ ಕೆಂಪು ಇನ್ನೂ ಇದೆಯೋ, ನೋಡಲೋ ಬೇಡವೋ, ಮುಟ್ಟಲಂತೂ ಧೈರ್ಯವಿಲ್ಲ, ಆ ದಿನ ಒರೆಸಲು ಹೋದಾಗ ಉಸಿರು ಕಟ್ಟಿ ಅತ್ತಿತ್ತು, ಬಾಯಿ ತೆರೆದೇ ಇತ್ತು, ಸದ್ದಿಲ್ಲ, ಆಮೇಲೆ ಸದ್ದು — ಅಂದಿನಿಂದ ನನ್ನ ಕೈ ಕಂಡರೆ ಸಾಕು, ಕಾಲು ಮುದುಡುತ್ತದೆ. ಹೆತ್ತವಳ ಕೈಗೆ ಹೆದರುವ ಕೂಸು, ಇದಕ್ಕಿಂತ ಸಂಕಟ ಯಾವುದಿದೆ.

ಕೇಣಿಯ ತವರಿನಲ್ಲಿ, ನನ್ನ ಆಯಿಯ ಮನೆಯಲ್ಲಿ, ಬಾಣಂತನ ಮುಗಿಯುವ ತನಕ ಈ ಕೆಂಪಿನ ಸುದ್ದಿಯೇ ಇರಲಿಲ್ಲ, ಆಯಿಯ ಬಾವಿ ಕಡಲಿಗೆ ಕೂಗಳತೆ ದೂರ, ಆದರೂ ಮರಳಿನೊಳಗಿಂದ ಸಿಹಿನೀರು, ಅದೂ ಹೇಗೋ ನನಗೆ ತಿಳಿಯದು. ಅಂಕೋಲೆಯಿಂದ ಕಾರವಾರದ ಬಸ್ಸಿಗೆ ಹತ್ತುವಾಗ ಡೈಪರ್ ಕಟ್ಟಿದ್ದೆ, ಬಸ್ಸಿನ ಗದ್ದಲ, ಬದಲಿಸಲಿಲ್ಲ, ಕೋಡಿಬಾಗದ ಈ ಮನೆಯಲ್ಲಿ ಅತ್ತೆ ಬಿಚ್ಚಿ ನೋಡಿದರು, ಕೆಂಪು, ಪ್ಲಾಸ್ಟಿಕ್ ಕಟ್ಟಿ ಕೂಸನ್ನ ಬೇಯಿಸಿದ್ಯಲ್ಲೇ ಎಂದರು. ಹೌದಲ್ಲ ಎಂದುಕೊಂಡೆ. ಡೈಪರ್ ಕಟ್ಟು ಕಪಾಟು ಸೇರಿತು, ಅತ್ತೆಯ ಹಳೆಯ ವಾಯಿಲ್ ಸೀರೆ ಲಂಗೋಟಿಗಳಾದವು, ತೊಳೆಯುವ ಕೆಲಸ ಅವರದ್ದೇ, ನನಗೆ ಬಿಟ್ಟುಕೊಡಲಿಲ್ಲ — ಈ ವೈಶಾಖದಲ್ಲಿ ಹೊಳೆಗೆ ಉಬ್ಬರ ಬಂದರೆ ಹಿತ್ತಿಲ ಬಾವಿ ಸವಳು, ಸೋಪಿಗೆ ನೊರೆಯೇ ಬರುವುದಿಲ್ಲ, ಅತ್ತೆ ಇನ್ನಷ್ಟು ತಿಕ್ಕುತ್ತಾರೆ, ಬಟ್ಟೆ ಬೇಲಿಯ ಮೇಲೆ ಒಣಗಿ ಗರಿಗರಿ. ಕೆಂಪು ಇಳಿಯಲಿಲ್ಲ, ಹಬ್ಬಿತು. ಪೌಡರ್ ಹಾಕಿದೆ, ಬೆವರಿಗೆ ಮುದ್ದೆಯಾಗಿ ಸಂದಿಯಲ್ಲಿ ಕೂತಿತು. ಡಾಕ್ಟರಮ್ಮ ಹೇಳಿದರು, ಪೌಡರ್ ಬೇಡ, ಒದ್ದೆಯಾದ ಕೂಡಲೇ ಬದಲಿಸಿ, ಬರೀ ನೀರಲ್ಲಿ ತೊಳೆಯಿರಿ, ಉಜ್ಜಬೇಡಿ, ಒತ್ತಿ ಒರೆಸಿ, ಸ್ವಲ್ಪ ಹೊತ್ತು ಬಿಚ್ಚಿ ಗಾಳಿಗೆ ಬಿಡಿ, ಪೂರ್ತಿ ಒಣಗಿದ ಮೇಲೆ ಈ ಬಿಳಿ ಮುಲಾಮು ದಪ್ಪಗೆ ಹಚ್ಚಿ, ಬಟ್ಟೆಯಲ್ಲಿ ಸೋಪು ಉಳಿಯಬಾರದು, ಸುತ್ತ ಸಣ್ಣ ಗುಳ್ಳೆ ಎದ್ದರೆ ಮಾತ್ರ ತಡಮಾಡದೆ ಬನ್ನಿ, ಅದು ಫಂಗಸ್ ಸೋಂಕು, ಅದಕ್ಕೆ ಬೇರೆ ಔಷಧ. ಗುಳ್ಳೆ ಏಳಲಿಲ್ಲ, ಹೇಳಿದ್ದೆಲ್ಲ ಮಾಡಿದೆ, ಕೆಂಪು ಇದ್ದಲ್ಲೇ ಇತ್ತು. ಕೇಣಿಗೆ ಕರಕೊಂಡು ಹೋಗುತ್ತೇನೆ ಎಂದೆ ಗಂಡ ನಿತೇಶನಿಗೆ, ಬೈತಖೋಲ ಬಂದರಿನ ಕೆಲಸ ಮುಗಿಸಿ ಊಟಕ್ಕೆ ಕೂತಿದ್ದ, ಗಂಡಸಲ್ಲವೇ, ಬಾಯಲ್ಲಿದ್ದ ತುತ್ತು ನುಂಗದೆ ತನ್ನ ತಾಯಿಯ ಮುಖ ನೋಡಿದ, ಅತ್ತೆ ಸೌಟು ಹಿಡಿದು ನಿಂತೇ ಇದ್ದರು. ಕೂಸನ್ನು ಎತ್ತಿಕೊಂಡು ಹೊರಟರೆ ಈ ಮನೆಯವರಿಗೆ ಮಗು ಸಾಕಲು ಬರುವುದಿಲ್ಲ ಎಂದು ಕೇರಿಗೆಲ್ಲ ಸಾರಿದ ಹಾಗೆ, ನನಗೆ ಗೊತ್ತಿತ್ತು, ಆದರೂ ಚೀಲ ತುಂಬಲು ಶುರುಮಾಡಿದೆ.

ಚೀಲ ಅರ್ಧ ತುಂಬಿದ ಮೇಲೆ ಲಂಗೋಟಿ ಬದಲಿಸುವಾ ಎಂದು ಕೂತೆ, ಎರಡೂ ಕೈ ಕೂಸಿನ ಕಾಲಲ್ಲಿ, ತೊಳೆದು ಒಣಗಿಸಿದ ಬಟ್ಟೆಯ ತುದಿ ಹಲ್ಲಲ್ಲಿ ಕಚ್ಚಿದೆ — ನಾಲಿಗೆಗೆ ಉಪ್ಪು. ಇನ್ನೊಂದನ್ನು ನೆಕ್ಕಿದೆ, ಉಪ್ಪು, ಮೇಲೆ ಸೋಪಿನ ಕಹಿ. ಉಚ್ಚೆ ಹೊಯ್ದಾಗಲೆಲ್ಲ ಇದು ಕರಗಿ ಆ ಸುಲಿದ ಕೆಂಪಿಗೆ ಇಳಿಯುತ್ತಿತ್ತು, ದೇವರೇ. ನೆಕ್ಕಿ ನೋಡಿ ಅತ್ತೆ ಎಂದು ಕೊಟ್ಟೆ, ನೆಕ್ಕಿದರು, ಎಂತಾ ಉಪ್ಪೂ ಇಲ್ಲ, ಇದೇ ನೀರಲ್ಲಿ ನಿತೇಶನ್ನ ಬೆಳೆಸಿದ್ದೆ ಎಂದರು. ಸುಳ್ಳಲ್ಲ, ಅತ್ತೆ ಹುಟ್ಟಿದ್ದೇ ಹೊಳೆಯ ದಡದಲ್ಲಿ, ಸವಳು ನೀರಲ್ಲೇ ಬಾಯಿ ಮುಕ್ಕಳಿಸಿ ಬೆಳೆದವರು, ಆ ನಾಲಿಗೆಗೆ ಅದು ಉಪ್ಪೇ ಅಲ್ಲ — ನಿಮ್ಮ ಮಗ ಹುಟ್ಟಿದ್ದು ಆಷಾಢದಲ್ಲಿ, ಮಳೆಗೆ ಬಾವಿ ತುಂಬಿ ಸಿಹಿಯಾಗುವ ಕಾಲ, ಎನ್ನಬೇಕೆಂದಿದ್ದೆ, ಅಷ್ಟರಲ್ಲಿ ಅವರು ಎದ್ದು ಹಿತ್ತಿಲಿಗೆ ಹೋದರು. ನೀರಿನ ಸದ್ದು. ಹೋಗಿ ನೋಡಿದರೆ ಕುಡಿಯುವ ನೀರಿನ ಹಿತ್ತಾಳೆ ಕೊಡ, ನಳ ಬಂದ ದಿನ ಸಾಲಿನಲ್ಲಿ ನಿಂತು ತುಂಬಿದ್ದು, ಒಂದು ತಂಬಿಗೆ ಹೆಚ್ಚು ತೆಗೆದರೆ ಗದರುವವರು, ಆ ಕೊಡವನ್ನು ಇಡಿಯಾಗಿ ಲಂಗೋಟಿಗಳ ಮೇಲೆ ಬಗ್ಗಿಸುತ್ತಿದ್ದಾರೆ, ಹಿಂಡಿದರು, ಇನ್ನೊಂದು ಕೊಡ ತಂದರು, ಮತ್ತೆ ಹಿಂಡಿದರು, ಒದ್ದೆ ಬಟ್ಟೆಯ ತುದಿಯನ್ನು ನನ್ನ ಬಾಯಿಯ ಹತ್ತಿರ ಹಿಡಿದರು, ನನ್ನ ನಾಲಿಗಿಗೆ ತಿಳೂದಿಲ್ಲ ಜಯಾ, ನೀನೇ ನೋಡಿ ಹೇಳೇ, ಇನ್ನೂ ಉಂಟಾ. ಇಷ್ಟು ದೊಡ್ಡ ಹೆಂಗಸು ಇವರು ಎಂದು ಯಾರೂ ನನಗೆ ಹೇಳಿರಲಿಲ್ಲ, ಬಟ್ಟೆ ಬಾಯಲ್ಲೇ ಇಟ್ಟುಕೊಂಡು ಇಲ್ಲ ಎಂದು ತಲೆಯಾಡಿಸಿದೆ. ಅಂದಿನಿಂದ ದಿನವೂ ಹೀಗೇ, ಅವರು ತೊಳೆಯುತ್ತಾರೆ, ನಾನು ರುಚಿ ನೋಡುತ್ತೇನೆ, ಕೂಸಿಗೆ ಕಟ್ಟುವವರೂ ಅವರೇ, ಚೀಲ ಅರ್ಧ ತುಂಬಿದ್ದು ಹಾಗೇ ಇದೆ.

ಮತ್ತೆ ಗಾಳಿ, ಕೂಸು ಕಾಲಾಡಿಸುತ್ತಿದೆ, ನೋಡಿಯೇ ಬಿಡುತ್ತೇನೆ, ಕೈ ತೊಳೆದು ಒರೆಸಿಕೊಂಡೆ, ಬೆರಳು ಚಾಚಿದೆ, ಅದು ಬೆರಳನ್ನೇ ನೋಡುತ್ತಿದೆ, ಈಗ ಮುದುಡುತ್ತದೆ, ಈಗ — ಮುದುಡಲಿಲ್ಲ, ತೊಡೆಯ ಮಡಿಕೆ ಬಿಡಿಸಿದೆ, ಕೆಂಪು ಇದ್ದಲ್ಲಿ ಹೊಸ ಚರ್ಮ, ನಾನು ಮಾಡಿದ್ದಲ್ಲ, ಅತ್ತೆ ಮಾಡಿದ್ದಲ್ಲ, ಅದರ ಪಾಡಿಗೆ ಅದು ಬಂದದ್ದು, ತೆಳು, ತಣ್ಣಗೆ, ಮುಟ್ಟಿದೆ, ಅಳಲಿಲ್ಲ, ಬೆರಳು ಅಲ್ಲೇ ಇದೆ, ತೊಡೆಸಂದಿ, ಹೊಸ ಚರ್ಮ, ನನ್ನ ಬೆರಳು, ಹೊಸ ಚರ್ಮ, ನನ್ನ ಬೆರಳು —