ಸೋದರಮಾವನ ಬೂಟು

ನನ್ನ ಗಂಡ ಮುನಿರಾಜ್ ಅವರಿಗೆ ಅವರ ತಮ್ಮನ ಮೇಲೆ ಹೊಟ್ಟೆಕಿಚ್ಚು. ನನಗೆ ಆ ತಮ್ಮನ ಹೆಂಡತಿ ಅರ್ಪಿತಳ ಮೇಲೆ. ಹೊರಗೆ ನಗುನಗುತ್ತಾ ಇರುತ್ತೇವೆ, ಮನೆಯೊಳಗೆ ಇಬ್ಬರೂ ಧಾರಾಳವಾಗಿ ಹಲ್ಲು ಕಡಿಯುತ್ತೇವೆ.

ಮೈದುನ ವಿಜಯ್ ಮಿಲಿಟ್ರಿಯಿಂದ ನಿವೃತ್ತನಾಗಿ ಬಂದು, ಅರಿಶಿನಕುಂಟೆ ಹತ್ತಿರ ಹುಡುಗರಿಗೆ ಸೇನೆ ಸೇರುವ ತರಬೇತಿ ಶುರುಮಾಡಿದ. ಅಲ್ಲಿಂದ ಊರಿಗೆ ಊರೇ ಮಿಲಿಟ್ರಿಯಾಯಿತು. ಕಾನ್ವೆಂಟಿನ ಮಕ್ಕಳು ಶನಿವಾರ ಹಸಿರು ಮಚ್ಚೆಯ ಪ್ಯಾಂಟು ತೊಟ್ಟು ಕವಾಯತು ಮಾಡುತ್ತಾರೆ. ಅಂಗನವಾಡಿ ಕೂಸಿಗೂ ಕಟಿಂಗ್ ಶಾಪಿನವನು ಕಿವಿಯ ಮೇಲೆ ಕೂದಲು ಉಳಿಸುವುದಿಲ್ಲ. ಲೇಔಟಿನ ಗೇಟು ಕಾಯುವವನು ಹಾಲಿನವನಿಗೂ ಸೆಲ್ಯೂಟ್ ಹೊಡೆಯುತ್ತಾನೆ. ಅರ್ಪಿತಳನ್ನು ಎಲ್ಲರೂ ಮೇಡಂ ಅನ್ನುತ್ತಾರೆ. ಅವಳಿಗಿಂತ ಮೊದಲು ಈ ಮನೆಗೆ ಸೊಸೆಯಾಗಿ ಬಂದ ನಾನು ಇನ್ನೂ ಶಶಿಯಕ್ಕನೇ. ಅವಳೇನು ಗಡಿಯಲ್ಲಿ ಬಂದೂಕು ಹಿಡಿದು ನಿಂತಿದ್ದಳೇ? ಕ್ವಾರ್ಟರ್ಸಿನಲ್ಲಿ ಕೂತು ಧಾರಾವಾಹಿ ನೋಡುತ್ತಿದ್ದಳು.

ಇಷ್ಟೂ ನುಂಗಿಕೊಂಡಿದ್ದೆವು. ನಾದಿನಿ ಅನುಸೂಯಮ್ಮನ ಮಗಳು ಸಿಂಚನಳ ಮದುವೆಯಲ್ಲಿ ಮಾತ್ರ ನುಂಗಲಾಗಲಿಲ್ಲ. ನಮ್ಮಲ್ಲಿ ಮದುವಣಗಿತ್ತಿಯನ್ನು ಕೈಹಿಡಿದು ಹಸೆಗೆ ಕರೆತರುವವನು ಸೋದರಮಾವ, ಇಬ್ಬರಿದ್ದರೆ ಹಿರಿಯವನು. ಸಿಂಚನಳಿಗೆ ಕಿವಿ ಚುಚ್ಚಿಸಿದ್ದು ಇವರ ತೊಡೆಯ ಮೇಲೆ. ಅವಳು ದೊಡ್ಡವಳಾದಾಗ ಹಸಿರು ಸೊಪ್ಪು ತಂದು ಅವಳನ್ನು ಕೂರಿಸಲು ಗುಡ್ಲು ಹಾಕಿದ್ದೂ ಇವರೇ. ನಮಗೆ ಮಕ್ಕಳಿಲ್ಲ. ಹಸೆಯವರೆಗಿನ ಆ ನಾಲ್ಕು ಹೆಜ್ಜೆಗಾಗಿ ಇವರು ಅವಳು ಹುಟ್ಟಿದಾಗಿನಿಂದ ಕಾದಿದ್ದರು.

ಸಿಂಚನಳ ಅಪ್ಪ ಆದಿನಾರಾಯಣಪ್ಪನವರು ಬೇರೆಯೇ ಲೆಕ್ಕ ಹಾಕಿದ್ದರು. ವಿಜಯ್ ಯೂನಿಫಾರಂನಲ್ಲಿ ಕರೆತಂದರೆ ಬೀಗರ ಮುಂದೆ ತೂಕ, ವಿಡಿಯೋನೂ ಚೆನ್ನಾಗಿ ಬರುತ್ತದೆ ಎಂದು ತೀರ್ಮಾನಿಸಿಬಿಟ್ಟರು. ಫ್ಲೆಕ್ಸಿನಲ್ಲಿ ಮದುಮಕ್ಕಳಿಗಿಂತ ವಿಜಯನ ಪದಕಗಳೇ ಎದ್ದು ಕಾಣುತ್ತಿದ್ದವು. ಇವರು ಸರಿಯಾಗಿ ಉಣ್ಣುವುದನ್ನು ಬಿಟ್ಟರು, ತಮ್ಮನ ಫೋನು ಎತ್ತುವುದನ್ನೂ ಬಿಟ್ಟರು.

"ಅವ್ನ ಮೈಮೇಲಿರೋ ಬಟ್ಟೆ ನೋಡ್ಕೊಂಡು ತಾನೆ ಕರೀತಿರೋದು? ನಾನೂ ಅದ್ನೇ ಹಾಕ್ತೀನಿ ಬಿಡು," ಎಂದರು ಒಂದು ದಿನ.

ನೆಲಮಂಗಲದಲ್ಲಿ ಶಾಲೆಯ ನಾಟಕಗಳಿಗೆ ವೇಷ ಬಾಡಿಗೆ ಕೊಡುವ ಹರಿಪ್ರಸಾದನ ಅಂಗಡಿಯಿಂದ ಅಂಗಿ, ಪ್ಯಾಂಟು, ಟೋಪಿ, ಪದಕ ಎಲ್ಲ ಬಂತು. ಬೂಟು ಒಂದಳತೆ ಚಿಕ್ಕದು. ಬೇರೆ ಹೆಂಗಸಾಗಿದ್ದರೆ ಗಂಡನನ್ನು ತಡೆಯುತ್ತಿದ್ದಳು. ನಾನು ಅರ್ಪಿತಳ ಮುಖ ಹೇಗಾಗಬಹುದೆಂದು ನೆನೆದುಕೊಂಡು ಗರಿಗರಿಯಾಗಿ ಇಸ್ತ್ರಿ ಮಾಡಿಕೊಟ್ಟೆ.

ಮದುವೆಯ ದಿನ ಸರಿಯಾಗಿ ಧಾರೆಯ ಹೊತ್ತಿಗೆ ಛತ್ರಕ್ಕೆ ಕಾಲಿಟ್ಟೆವು. ಆದಿನಾರಾಯಣಪ್ಪನವರು ಗೊತ್ತುಮಾಡಿದ್ದ ಈವೆಂಟಿನ ಹುಡುಗರು ಕಮಾಂಡೋ ವೇಷದಲ್ಲಿ ಆಟದ ಬಂದೂಕು ಹಿಡಿದು ಎರಡು ಸಾಲಾಗಿ ನಿಂತಿದ್ದರು. ಮದುವಣಗಿತ್ತಿಯ ಕೋಣೆಯ ಬಾಗಿಲಲ್ಲಿ ವಿಜಯ್ ಇದ್ದ. ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಬರಿಗಾಲು. ಅಣ್ಣನನ್ನು ಕಂಡು ಓಡಿಬಂದ.

"ಅಣ್ಣ, ಆ ಬಟ್ಟೆ ಮದ್ವೆಗಲ್ಲ ಅಂತ ಭಾವಂಗೆ ಹೇಳ್ಬಿಟ್ಟೆ. ದೊಡ್‌ಮಾವನೇ ಕೈ ಹಿಡೀಬೇಕು ಅಂತ ಸಿಂಚನ ಅತ್ಲು. ಅದ್ನ ಹೇಳಕ್ಕೇ ಅಷ್ಟು ಸಲ ಫೋನ್ ಮಾಡಿದ್ದು," ಎಂದ.

ಇವರು ಬಗ್ಗಿ ಬೂಟಿಗೆ ಕೈ ಹಾಕಿದರು. ಬಾಗಿಲಿನಿಂದ ಹಸೆಯವರೆಗೂ ನಡೆಮಡಿ ಹಾಸಿತ್ತು, ಆ ಮಡಿ ಬಟ್ಟೆಯ ಮೇಲೆ ಚಪ್ಪಲಿ ಕೂಡ ಇಡುವಂತಿಲ್ಲ. ಕಾಲು ಊದಿಕೊಂಡು ಬೂಟಿನೊಳಗೆ ಗಟ್ಟಿಯಾಗಿ ಕೂತಿತ್ತು. ವಿಜಯ್ ಮಂಡಿಯೂರಿ ಲೇಸು ಬಿಚ್ಚಿದ, ಹಿಮ್ಮಡಿ ಹಿಡಿದು ಎಳೆದ. ನಾನೂ ಎಳೆದೆ. ಜಪ್ಪಯ್ಯ ಅನ್ನಲಿಲ್ಲ. ಹಸೆಯಿಂದ ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದು ಕೂಗಿದರು. ಕಾಯುತ್ತೇನೆ ಎಂದು ಸಿಂಚನ ಬಾಗಿಲಲ್ಲೇ ನಿಂತಳು. ಅವಳಪ್ಪ ಬಿಡಬೇಕಲ್ಲ? ಓಡಿಬಂದು ಅವಳ ಕೈಯನ್ನು ವಿಜಯನ ಕೈಗಿಟ್ಟು ನಡೆಯಿರಿ ಎಂದರು. ಮೂಲೆಯಲ್ಲಿ ನಿಂತಿದ್ದ ಅರ್ಪಿತ ನನ್ನನ್ನು ನೋಡಿ ಕಣ್ಣೊರೆಸಿಕೊಂಡಳು. ಅವಳು ನಕ್ಕಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಇವರು ನಡೆಮಡಿಯ ಅಂಚಿಗೆ ಬಂದು ನಿಂತರು. ಯೂನಿಫಾರಂ ಕಂಡ ಈವೆಂಟಿನ ಹುಡುಗರು ಯಾರೋ ದೊಡ್ಡ ಆಫೀಸರ್ ಅಂದುಕೊಂಡು, ಒಟ್ಟಿಗೆ ಕಾಲು ಅಪ್ಪಳಿಸಿ ಇವರಿಗೆ ಸೆಲ್ಯೂಟ್ ಹೊಡೆದರು. ಇಡೀ ಛತ್ರ ಇವರ ಕಡೆ ತಿರುಗಿತು. ಇವರ ಮುಖ ಅರಳಿದ್ದನ್ನು ನಾನು ನೋಡಿದೆ. ಎದೆಯುಬ್ಬಿಸಿ ಇವರೂ ಕೈ ಎತ್ತಿದರು.

ಅದೇ ಹೊತ್ತಿಗೆ ನಮ್ಮ ಪಕ್ಕದಲ್ಲಿ ಹಾಯುತ್ತಿದ್ದ ಸಿಂಚನ, ವಿಜಯ್ ಹಿಡಿಯದೆ ಉಳಿದಿದ್ದ ಇನ್ನೊಂದು ಕೈಯನ್ನು ಇವರ ಕಡೆ ಚಾಚಿದಳು. ಇವರ ಕೈ ಹಣೆಯ ಮೇಲಿತ್ತು. ಕೈ ಇಳಿಸಿ ಎಂದು ನಾನು ತಿವಿಯುವಷ್ಟರಲ್ಲಿ ಅವಳು ಮುಂದೆ ಹೋಗಿಬಿಟ್ಟಿದ್ದಳು.